ಕಾಲಿಗೆ ಕಟ್ಟು, ಬಾಯಿಗೆ ಪಥ್ಯ

ನನ್ನ ಬಾಯಿಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಗೊಣಗುವ ಬಾಯಿ. ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಗೊಣಗುತ್ತದೆ, ಕಡಿಮೆಯಾದರೂ ಗೊಣಗುತ್ತದೆ. ಕೊಟ್ಟೂರು ಸಂತೆಯಲ್ಲಿ ಬಿಸಿಲು ಜಾಸ್ತಿ, ಹಡಗಲಿಯಲ್ಲಿ ಧೂಳು ಜಾಸ್ತಿ, ಹರಪನಹಳ್ಳಿ ಗಿರಾಕಿಗಳದು ಚೌಕಾಸಿ ಜಾಸ್ತಿ ಎಂದು ದೂರಿಕೊಳ್ಳುತ್ತಲೇ ನಾನು ಸಂತೆಯಿಂದ ಸಂತೆಗೆ ಲಂಗ, ನೈಟಿ, ಟವೆಲ್ಲು ಮಾರಿ ತಲೆ ನರೆಸಿಕೊಂಡವನು. ನನಗೆ ನೆಗಡಿಯಾದರೆ ಓಣಿಗೆಲ್ಲ ಗೊತ್ತಾಗಲೇಬೇಕು. ಇಂಥ ಬಾಯಿ, ಸರಕಾರವೇ ಎದುರಿಗೆ ಕೂರಿಸಿಕೊಂಡು "ಏನು ತೊಂದರೆ ಹೇಳಪ್ಪ" ಎಂದು ಕೇಳಿದ ದಿನ ಮುಚ್ಚಿಕೊಂಡಿತು. ಅದೂ ಭಕ್ತಿಯಿಂದ.

ಹಗರಿಬೊಮ್ಮನಹಳ್ಳಿ ಸಂತೆ ಮುಗಿಸಿಕೊಂಡು ಮೊಪೆಡ್ ಮೇಲೆ ವಾಪಸ್ ಬರುತ್ತಿದ್ದೆ. ಹಿಂದೆ ನನಗಿಂತ ದೊಡ್ಡ ಬಟ್ಟೆ ಗಂಟು. ಕೋಗಳಿ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ತುಂಬ ಕುರಿ. ಹಾರ್ನ್ ಹೊಡೆದೆ. ಕುರಿಗಳು ನನ್ನ ಕಡೆಗೇ ಬಂದವು. ಬ್ರೇಕ್ ಹಿಡಿದೆ, ಗಂಟು ಒಂದು ಕಡೆ ವಾಲಿತು, ನಾನು ಇನ್ನೊಂದು ಕಡೆ ಬಿದ್ದೆ, ಗಾಡಿ ನನ್ನ ಬಲಗಾಲಿನ ಮೇಲೆ ಬಿತ್ತು. ಕುರಿ ಕಾಯುವವನು ಓಡಿ ಬಂದು ಮೊದಲು ಮರಿಗಳನ್ನೆಲ್ಲ ನೋಡಿದ. ಆಮೇಲೆ ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸಮಾಧಾನ ಹೇಳುವ ದನಿಯಲ್ಲಿ ಅಂದ: "ಕುರಿಗೇನೂ ಆಗಿಲ್ಲ ಬಿಡ್ರಿ."

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಅದು ನನಗೂ ಕಾಣುತ್ತಿತ್ತು. ಆಂಬ್ಯುಲೆನ್ಸ್ ಕರೆಯಲೇ ಎಂದು ಅವನೇ ಕೇಳಿದ. ಬೇಡವೆಂದೆ. ನನಗೆ ಸೂಜಿ ಕಂಡರೆ ಮೈ ಬೆವರುತ್ತದೆ, ಇನ್ನು ಆಸ್ಪತ್ರೆಗೆ ಹೋದರೆ ರಾಡ್ ಹಾಕುತ್ತಾರೆ ಎಂಬುದು ನನ್ನ ನಂಬಿಕೆ. ರಾಡ್ ಹಾಕಿಸಿಕೊಂಡವರ ಕಥೆಗಳನ್ನು ಸಂತೆಯಲ್ಲಿ ಎಷ್ಟೋ ಕೇಳಿದ್ದೆ. ಹಾಕಿಸಿಕೊಂಡು ಚೆನ್ನಾಗಿ ಓಡಾಡುತ್ತಿರುವವರು ಸಂತೆಯಲ್ಲಿ ಕೂತು ಕಥೆ ಹೇಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಫೋನ್ ಮಾಡಿದರೆ ಹೆಂಡತಿ, "ಸುಮ್ಮನ ದವಾಖಾನಿಗೆ ಹೋಗ್ರಿ" ಎಂದಳು. ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ.

"ಕೂಡ್ಲಿಗಿ ಕಡಿಗೆ ಒಬ್ಬ ಅಜ್ಜ ಅದಾನ್ರಿ," ಎಂದ ಕುರಿಯವನು. "ನಮ್ಮ ಕುರಿ ಕಾಲು ಮುರದ್ರ ಅವನ ಕಟ್ಟೋದು. ಮನಶಾರದೂ ಕಟ್ತಾನ."

ಆ ಕೊನೆಯ ಮಾತಿನ ಮೇಲೆ ನಾನು ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸದೆ ಗೂಡ್ಸ್ ಆಟೋ ಹತ್ತಿದೆ.

ಅಜ್ಜ ಕಾಲನ್ನು ಹಿಡಿದು ಎಳೆದಾಗ ನಾನು ಹಾಕಿದ ಕೂಗಿಗೆ ಅವನ ಹಿತ್ತಲಿನ ಕೋಳಿಗಳು ಬೇಲಿ ಹಾರಿದವು. ಯಾವುದೋ ಸೊಪ್ಪು ಅರೆದು ಹಚ್ಚಿ, ಮೊಟ್ಟೆಯ ಲೋಳೆಯಲ್ಲಿ ಕಲಸಿದ ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ. ಬದನೆಕಾಯಿ, ಹುಣಸೆಹುಳಿ, ಮೊಸರು ಮುಟ್ಟಬಾರದು ಎಂದ. ಆಮೇಲೆ ನನ್ನ ಮುಖ ನೋಡಿ ಮುಖ್ಯವಾದ ಪಥ್ಯ ಹೇಳಿದ.

"ತಮ್ಮಾ, ಕುರಿ ಕಾಲು ಲಗೂನ ಕೂಡತೈತಿ. ಮನಶಾರದು ತಡ. ಯಾಕ ಗೊತ್ತೈತೇನು? ಕುರಿ ಯಾರ ಮುಂದೂ ನೋವ ಹೇಳಂಗಿಲ್ಲ. ನಾವು ಹೇಳತೀವಿ. ಹೆಸರು ಹಿಡದು ಕರದ್ರ ನೋವು ಅಲ್ಲೇ ಕುಂದರತೈತಿ. ಯಾರ ಕೇಳಿದ್ರೂ 'ಆರಾಮ ಐತಿ' ಅನಬೇಕು. ಕಾಲು ಕೂಡಿ, ನಮ್ಮ ಊರಮ್ಮಗ ಕಾಯಿ ಒಡಸೋತನಕ ಬಾಯಿಲೆ ನೋವು ಅನ್ನಂಗಿಲ್ಲ."

"ಹೂಂ ಅಜ್ಜಾ" ಎಂದೆ.

ಬದನೆಕಾಯಿ ಪಥ್ಯವನ್ನು ಎರಡನೇ ವಾರವೇ ಮುರಿದೆ. ಪಕ್ಕದ ಮನೆಯಿಂದ ಗುಟ್ಟಾಗಿ ಬಂದ ಎಣ್ಣೆಗಾಯಿಯ ವಾಸನೆಗೆ ಯಾವ ಎಲುಬೂ ಅಡ್ಡ ಬರಬಾರದು. ಮೊಸರನ್ನು ಹೆಂಡತಿ ಬಟ್ಟೆ ಒಗೆಯಲು ಹೋದಾಗ ನೆಕ್ಕಿದೆ. ಹೀಗೆ ಮುರಿದ ಪಥ್ಯಗಳ ಪಾಪ ಪರಿಹಾರಕ್ಕೋ ಏನೋ, ಬಾಯಿಯ ಪಥ್ಯವೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಹಿಡಿದೆ. ನೋಡಲು ಬಂದವರೆಲ್ಲ "ಹೆಂಗೈತಿ?" ಎಂದರೆ "ಆರಾಮ ಐತಿ." ನನ್ನ ಗೊಣಗಾಟ ಕೇಳಿ ಬೇಸತ್ತಿದ್ದ ಜನ, ಕಾಲು ಮುರಿದ ಮೇಲೆ ಈತ ಮನುಷ್ಯನಾದ ಎಂದು ಮಾತಾಡಿಕೊಂಡರು. ಹೊಗಳಿಕೆ ಯಾರಿಗೆ ಬೇಡ? ನಾನು ಇನ್ನಷ್ಟು ಆರಾಮಾದೆ.

ಕಟ್ಟು ಬಿಚ್ಚಿದಾಗ ಕಾಲು ಕೂಡಿತ್ತು. ಆದರೆ ತನಗೆ ಬೇಕಾದ ಕಡೆ ತಿರುಗಿ ಕೂಡಿತ್ತು. ಬಲಗಾಲು ಸೊಟ್ಟಗಾಗಿ, ಎಡಗಾಲಿಗಿಂತ ಗಿಡ್ಡವಾಗಿತ್ತು. ಪಾದ ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಮೊಣಕಾಲು ಅರ್ಧ ಮಡಚಿದರೆ ಮುಂದಕ್ಕೆ ಒಲ್ಲೆ ಎನ್ನುತ್ತಿತ್ತು. ಅಜ್ಜ ಮುಟ್ಟಿ ನೋಡಿ, ಇನ್ನೂ ಎಣ್ಣೆ ತಿಕ್ಕಬೇಕು, ಅಮ್ಮನಿಗೆ ಈಗಲೇ ಕಾಯಿ ಬೇಡ ಎಂದ. ಎಣ್ಣೆ ತಿಕ್ಕುತ್ತ ತಿಂಗಳುಗಳು ಹೋದವು. ಮೊಪೆಡ್ ಓಡಿಸಲು ಆಗುತ್ತಿರಲಿಲ್ಲ. ಹೆಂಡತಿ ಹತ್ತಿರದ ಕೊಟ್ಟೂರು ಸಂತೆಗೆ ಗಂಟು ಹೊತ್ತುಕೊಂಡು ಹೋಗತೊಡಗಿದಳು. ನನಗಿಂತ ಚೆನ್ನಾಗಿಯೇ ಮಾರುತ್ತಿದ್ದಳು. ಹೆಂಗಸರು ಲಂಗದ ಅಳತೆಯನ್ನು ನನ್ನನ್ನು ಕೇಳಲು ಇಷ್ಟು ವರ್ಷ ನಾಚುತ್ತಿದ್ದರಂತೆ. ಅದು ನನಗೆ ಗೊತ್ತಾದದ್ದೇ ಆಗ.

ಆದರೆ ಒಬ್ಬಳೇ ಎಷ್ಟು ಸಂತೆ ಮಾಡಿಯಾಳು? ನಾನು ಗೋಡೆಗೆ ಒರಗಿ ಕೂತು ಅವಳು ಬರುವ ದಾರಿ ನೋಡುತ್ತಿದ್ದೆ. ಸಂಜೆ ಅವಳ ಹೆಗಲು ಬಾತಿರುತ್ತಿತ್ತು. ಆ ಹೆಗಲು ನೋಡಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ನಮ್ಮ ಪಂಚಾಯ್ತಿಯಲ್ಲಿ ಅಂಗವಿಕಲರ ಅರ್ಜಿ ನೋಡಿಕೊಳ್ಳುವವನೊಬ್ಬ ಇದ್ದಾನೆ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಊರುಗೋಲು ಹಿಡಿದವನು. ಅವನೇ ಮನೆಗೆ ಬಂದ. "ಅಣ್ಣಾ, ಕಾರ್ಡ್ ಮಾಡಿಸ್ರಿ. ದವಾಖಾನಿ ಬೋರ್ಡ್‌ನ್ಯಾಗ ಡಾಕ್ಟರು ಕಾಲು ನಲವತ್ತು ಪರ್ಸೆಂಟ್ ಊನ ಅಂತ ಬರದ್ರ ಬಸ್ ಪಾಸ್ ಸಿಗತೈತಿ, ಪಿಂಚಣಿ ಆಗ್ತೈತಿ. ಸಣ್ಣ ಗಂಟು ತಗೊಂಡು ನೀವೂ ಬಸ್ಸಿನ್ಯಾಗ ಸಂತಿಗೆ ಹೋಗಬೋದು. ಒಂದ ಮಾತು, ಡಾಕ್ಟರ್ ಮುಂದ ಇದ್ದದ್ದು ಇದ್ದಂಗ ಹೇಳ್ರಿ."

"ಹೂಂ" ಎಂದೆ. ಯಾರು ಏನು ಹೇಳಿದರೂ ಹೂಂ ಎನ್ನುವುದು ನನ್ನ ಇನ್ನೊಂದು ಗುಣ.

ಬೋರ್ಡ್ ದಿನ ಹೆಂಡತಿಗೆ ಸಂತೆಯಿತ್ತು. ಒಬ್ಬನೇ ಹೋದೆ. ದಾರಿಯಲ್ಲೆಲ್ಲ ಒಂದೇ ಯೋಚನೆ: ಅಜ್ಜನಿಗೆ ಕೊಟ್ಟ ಮಾತು ಇನ್ನೂ ಮುಗಿದಿಲ್ಲ, ಕಾಯಿ ಒಡೆಸಿಲ್ಲ, ಇನ್ನೇನು ಎಣ್ಣೆಯಿಂದ ಕಾಲು ನೆಟ್ಟಗಾಗುತ್ತದೆ ಎನ್ನುವಾಗ ನಾನೇ ನೋವಿನ ಹೆಸರು ಹಿಡಿದು ಕರೆದರೆ? ಕಾಲೂ ಬೇಕು, ಕಾರ್ಡೂ ಬೇಕು. ಕಾಲು ಕಣ್ಣಿಗೆ ಕಾಣುತ್ತಲೇ ಇದೆ, ಡಾಕ್ಟರು ನೋಡಿ ಬರೆದುಕೊಳ್ಳುತ್ತಾರೆ, ಬಾಯಿ ಬಿಡುವ ಕೆಲಸವಾದರೂ ಏನು ಎಂದು ನನಗೆ ನಾನೇ ಜಾಣನಾದೆ.

ಡಾಕ್ಟರು ಒಳ್ಳೆಯವರು. ಕೂರಿಸಿ ಕೇಳಿದರು.

"ನೋವಿದೆಯಾ?"

"ಆರಾಮ ಐತ್ರಿ ಸಾರ್."

"ಮೆಟ್ಟಿಲು ಹತ್ತೋಕಾಗುತ್ತಾ?"

"ಆರಾಮ ಐತ್ರಿ."

"ಕೆಳಗೆ ಕೂರ್ತೀರಾ?"

"ಅದೂ ಆರಾಮ ಐತ್ರಿ."

ನಡೆದು ತೋರಿಸಿ ಎಂದರು. ಕೋಲನ್ನು ಗೋಡೆಗಿಟ್ಟು, ಹಲ್ಲು ಕಚ್ಚಿಕೊಂಡು, ಗೋಡೆಯಿಂದ ಗೋಡೆಗೆ ನಡೆದು ತೋರಿಸಿದೆ. ಜೀವ ಬಾಯಿಗೆ ಬಂದಿತ್ತು, ಬಾಯಿ ಮಾತ್ರ ನಗುತ್ತಿತ್ತು. ಪೆನ್ನು ಹಿಡಿದಿದ್ದ ಡಾಕ್ಟರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಾವ ಆಸ್ಪತ್ರೆಯಲ್ಲಿ ತೋರಿಸಿದ್ರಿ? ಎಕ್ಸ್‌ರೇ ಎಲ್ಲಿ?"

"ಕಟ್ಟು ಹಾಕಿಸೀನ್ರಿ. ಎಕ್ಸ್‌ರೇ ತಗಿಸಿಲ್ಲ. ಎಣ್ಣಿ ತಿಕ್ಕೋದು ಇನ್ನೂ ನಡದೈತಿ. ದಿನಾ ಸುಧಾರಸ್ತೈತ್ರಿ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ನಾವು ಬರೆಯೋದು ಇನ್ನು ಸರಿಹೋಗದ ತೊಂದರೆಗೆ. ನೀವು ಚಿಕಿತ್ಸೆ ನಡೀತಿದೆ ಅಂತೀರಿ, ಸುಧಾರಿಸ್ತಿದೆ ಅಂತೀರಿ, ಏನೂ ತೊಂದರೆ ಇಲ್ಲ ಅಂತೀರಿ. ಕಾಗದ ಒಂದೂ ಇಲ್ಲ. ಹೇಗೆ ಬರೆಯೋದು? ಚಿಕಿತ್ಸೆ ಮುಗಿಸಿ, ಎಕ್ಸ್‌ರೇ ತೆಗೆಸ್ಕೊಂಡು ಆರು ತಿಂಗಳು ಬಿಟ್ಟು ಬನ್ನಿ."

ಅವರ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮನೆಯಲ್ಲಿ ಹೆಂಡತಿ ಕೇಳಿದಳು. ಆರು ತಿಂಗಳು ಬಿಟ್ಟು ಬಾ ಎಂದರು ಎಂದೆ. ಯಾಕೆ ಎಂದಳು. ಯಾಕೆ ಎಂದು ಹೇಳಬೇಕಾದರೆ ನೋವಿನ ಮಾತು ಎತ್ತಬೇಕು. ಎಣ್ಣೆ ಬಾಟಲಿ ತೆಗೆದುಕೊಂಡು ಕಾಲು ತಿಕ್ಕತೊಡಗಿದೆ. ಪಂಚಾಯ್ತಿಯವನೇ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದು ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹುಟ್ಟಿದಾಗಿಂದ ಬಾಯಿ ಮುಚ್ಚದ ಮನಶ್ಯಾ, ಮುಚ್ಚಾಕ ಅದ ಜಾಗ ಸಿಕ್ತಾ ನಿಮಗ?" ಎಂದು ಗಂಟು ಕಟ್ಟಲು ಹೋದಳು.

ಕಾಯಿ ತೆಗೆದುಕೊಂಡು ಅಜ್ಜನ ಹತ್ತಿರ ಹೋದೆ. ಚಿಕಿತ್ಸೆ ಕೊಟ್ಟದ್ದಕ್ಕೆ ಒಂದು ಚೀಟಿ ಬರೆದುಕೊಡು ಎಂದು ಕೇಳಿದೆ.

"ಕುರಿಗೆ ಯಾವಾಗರ ಚೀಟಿ ಕೊಟ್ಟೀನೇನೋ?" ಎಂದ. ಆಮೇಲೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಒತ್ತಿ ನೋಡಿದ. "ಕೂಡೈತಿ. ಸೊಟ್ಟ ಕೂಡೈತಿ. ನನ್ನ ಕೈಲೆ ಇಷ್ಟ ತಮ್ಮಾ. ಕಾಯಿ ಒಡಸು."

ಒಡೆಸಿದೆ. ಅಜ್ಜನ ಮೇಲೆ ಸಿಟ್ಟು ಬರಲಿಲ್ಲ. ದಾರಿ ಕೇಳಿದವನು ನಾನು, ಅವನು ತನಗೆ ಗೊತ್ತಿದ್ದ ದಾರಿ ತೋರಿಸಿದ. ಬರುವಾಗ ಆಟೋದಲ್ಲಿ ಕೂತು, ಒಳಗೆ ಅಷ್ಟು ದಿನ ಕೂಡಿಹಾಕಿಕೊಂಡಿದ್ದ ನೋವನ್ನು ಯಾರ ಮುಂದೆ ಮೊದಲು ಹೇಳಲಿ ಎಂದು ಯೋಚಿಸಿದೆ. ವಿಚಿತ್ರವೆಂದರೆ, ಗೊಣಗುವ ರೂಢಿಯೇ ತಪ್ಪಿಹೋಗಿತ್ತು. ಯಾರಿಗೂ ಹೇಳಲಿಲ್ಲ.

ಎಕ್ಸ್‌ರೇ ತೆಗೆಸಿದೆವು. ಎಲುಬಿನ ಡಾಕ್ಟರು ಬೆಳಕಿಗೆ ಹಿಡಿದು, "ಬಿದ್ದಾಗಲೇ ಬಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ರಕ್ತ ಪರೀಕ್ಷೆಯಲ್ಲಿ ನನಗೆ ಸಕ್ಕರೆ ಕಾಯಿಲೆಯೂ ಕಂಡದ್ದರಿಂದ ಮತ್ತೆ ಮುರಿದು ಕೂಡಿಸುವುದು ಬೇಡವೆಂದು ಬರೆದುಕೊಟ್ಟರು. ಇದು ಇನ್ನು ಸರಿಹೋಗುವುದಿಲ್ಲ ಎಂಬುದಕ್ಕೆ ಈಗ ಕಾಗದವಿತ್ತು. ಆ ಕಾಗದ ಸಿಕ್ಕಿದ್ದಕ್ಕೆ ಸಂತೋಷಪಡಬೇಕಾದ ಸ್ಥಿತಿಗೆ ನನ್ನ ಜಾಣತನ ನನ್ನನ್ನು ತಂದಿತ್ತು.

ಎರಡನೇ ಸಲ ಹೆಂಡತಿ ನನ್ನ ಜೊತೆಗೇ ಒಳಗೆ ಬಂದಳು. ಅದೇ ಡಾಕ್ಟರು. "ಹೇಗಿದೆ ಕಾಲು?"

"ಆರಾಮ ಐ—" ಎಂದಿತು ಬಾಯಿ.

"ಆರಾಮಿದ್ರೆ ಮನೆಗೆ ಹೋಗಿ" ಎಂದರು ಡಾಕ್ಟರು. ಈ ಸಲ ಅವರೂ ನಕ್ಕರು. ಹೆಂಡತಿ ನಗಲಿಲ್ಲ. ಕಾಯಿ ಒಡೆದಾಗಿದೆ, ಇನ್ನು ಯಾರ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಾಯಿ ಬಿಟ್ಟೆ.

ಬಸ್ಸು ಇಳಿಯುವಾಗ ಕಂಬಿ ಹಿಡಿದು ಕಣ್ಣು ಮುಚ್ಚುತ್ತೇನೆ ಎಂದೆ. ಕೆಳಗೆ ಕೂರಲಾಗದೆ ಕಕ್ಕಸಿನಲ್ಲಿ ಗೋಡೆಗೆ ಕೈ ಕೊಟ್ಟು ನಿಂತೇ ಇರುತ್ತೇನೆ, ಅದಕ್ಕೆ ಎಷ್ಟೋ ದಿನ ಹೊಟ್ಟೆ ತುಂಬ ಉಣ್ಣುವುದಿಲ್ಲ ಎಂದೆ. ಬೆಳಿಗ್ಗೆ ಎದ್ದ ತಕ್ಷಣ ಕಾಲು ನೆಲಕ್ಕೆ ಊರುವುದಿಲ್ಲ, ಹಾಸಿಗೆಯಿಂದ ಹಿತ್ತಲ ಬಾಗಿಲವರೆಗೆ ಅಂಬೆಗಾಲಲ್ಲಿ ಹೋಗುತ್ತೇನೆ, ಅಲ್ಲಿ ಚೌಕಟ್ಟು ಹಿಡಿದು ಏಳುತ್ತೇನೆ, ಯಾರೂ ನೋಡಬಾರದೆಂದು ಎಲ್ಲರಿಗಿಂತ ಮೊದಲು ಏಳುತ್ತೇನೆ ಎಂದೆ. ಡಾಕ್ಟರು ತಲೆ ಎತ್ತದೆ ಬರೆಯುತ್ತಿದ್ದರು.

ಆಗ ನನಗೆ ಪಕ್ಕದಲ್ಲಿ ನಿಂತವಳ ನೆನಪಾಯಿತು. ಅವಳಿಗೂ ನಾನು ಇಷ್ಟು ದಿನ "ಆರಾಮ ಐತಿ" ಎಂದೇ ಹೇಳಿದ್ದೆ. ಕಾಲು ಮುರಿದ ಮೇಲೆ ನಮ್ಮ ಮನೆಯವರು ಬೆಳಕು ಹರಿಯುವ ಮುಂಚೆ ಎದ್ದು ಕೋಳಿಗೆ ಕಾಳು ಹಾಕುತ್ತಾರೆ, ಎಷ್ಟು ಶಿಸ್ತು ಬಂದಿದೆ ನೋಡಿ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದವಳು ಅವಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ನಲವತ್ತು ದಾಟಿಸಿ ಬರೆದರು. ಕಾರ್ಡು ಆಮೇಲೆ ಬಂತು, ಪಾಸೂ ಬಂತು. ಈಗ ಸಣ್ಣ ಗಂಟು ಹಿಡಿದು ಹರಪನಹಳ್ಳಿ ಸಂತೆಗೆ ನಾನೇ ಬಸ್ಸಿನಲ್ಲಿ ಹೋಗುತ್ತೇನೆ, ಸ್ಟೂಲಿನ ಮೇಲೆ ಕೂತು ಮಾರುತ್ತೇನೆ. ಪಿಂಚಣಿಯ ಬಗ್ಗೆ ಗೊಣಗುವಷ್ಟು ಬಾಯಿಯೂ ಸುಧಾರಿಸಿದೆ.

ಆದರೆ ಎರಡನೇ ಬೋರ್ಡಿನ ಆ ದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳು ನನ್ನಿಂದ ಸ್ವಲ್ಪ ದೂರ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ನಾನು ಶೇಂಗಾ ತಂದೆ. ಮುಟ್ಟಲಿಲ್ಲ.

"ಡಾಕ್ಟರ್ ಮುಂದ ಕುರಿ ಆದ್ರಿ, ಹೋಗ್ಲಿ," ಎಂದಳು ಕೊನೆಗೆ. "ನನ್ನ ಮುಂದೂ ಕುರಿ ಆಗಬೇಕಿತ್ತಾ?"

ಅಜ್ಜ ಹೇಳಿದ ಪಥ್ಯ ಎಂದೆ.

"ಬದನಿಕಾಯಿ ತಿನ್ನೋವಾಗ ಪಥ್ಯ ನೆನಪಿರಲಿಲ್ಲ ನಿಮಗ."

ಅದು ಅವಳಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅಳುವೂ ಬಂತು, ಶೇಂಗಾ ಸುಲಿಯುವ ನೆಪದಲ್ಲಿ ತಲೆ ತಗ್ಗಿಸಿದೆ. ಬಸ್ಸು ಬಂದಾಗ ಅವಳು ಎದ್ದು ಎಕ್ಸ್‌ರೇ ಚೀಲವನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದು ಕೈಯನ್ನು ನನ್ನ ಕಂಕುಳಿಗೆ ಕೊಟ್ಟಳು. ಅಷ್ಟು ಜನರ ಎದುರಿಗೆ.

"ನಾಳಿಯಿಂದ ನನ್ನ ಎಬ್ಬಸ್ರಿ" ಎಂದಳು.

ಮರುದಿನ ಎಚ್ಚರವಾದಾಗ ಎಬ್ಬಿಸಲೋ ಬೇಡವೋ ಎಂದು ಸ್ವಲ್ಪ ಹೊತ್ತು ಮಲಗಿಯೇ ಇದ್ದೆ. ಆಮೇಲೆ ಮೆಲ್ಲಗೆ "ಏಳ್ತೀಯೇನ" ಎಂದೆ. ಅವಳು ಆಗಲೇ ಎದ್ದು ಕತ್ತಲಲ್ಲಿ ನನ್ನ ಹಾಸಿಗೆಯ ಪಕ್ಕ ಕೂತಿದ್ದಳು. ಕಾಲು ಹೆಂಗೈತಿ ಎಂದು ಕೇಳಿದಳು. ನೋಯ್ತೈತಿ ಎಂದೆ. ಎಲ್ಲಿ ಎಂದಳು. ತೋರಿಸಿದೆ. ಅವತ್ತು ಕೋಳಿಗೆ ಕಾಳು ಹಾಕುವಷ್ಟರಲ್ಲಿ ಬಿಸಿಲು ಬಂದಿತ್ತು.