ಮೀಸೆಯವನ ಫ್ಲೆಕ್ಸು

ಆ ಧಾರಾವಾಹಿಯನ್ನು ನಾನು ಕೊನೆಯ ಕಂತಿನವರೆಗೂ ನೋಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಉಗಿಯುವುದೆಲ್ಲ ಬೇರೆಯವರ ಮುಖಕ್ಕೇ ಎಂದು ನೀವು ಅಂದುಕೊಳ್ಳುತ್ತೀರಿ.

ಯಾವುದೋ ದೂರದ ದೇಶದಲ್ಲಿ ನಿಜವಾಗಿ ಬದುಕಿದ್ದ, ಮಾದಕ ವಸ್ತು ಮಾರಿ ದೊರೆಯಾದವನೊಬ್ಬನ ಕಥೆ ಅದು. ಕೋಲಾರದ ನಮ್ಮ ಮನೆಯಲ್ಲಿ ತೆಲುಗು ಡಬ್ಬಿಂಗಿನಲ್ಲಿ ಓಡುತ್ತಿತ್ತು. ಸಂಜೆ ಏಳಕ್ಕೆ ಯಜಮಾನರು ತಟ್ಟೆ ಹಿಡಿದು ಟಿವಿ ಮುಂದೆ ಕೂತರೆ ನಾನೂ ಬಡಿಸಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅಲ್ಲಿ ಜನ ಗುಂಡು ತಿಂದು ಉರುಳುತ್ತಿದ್ದರು, ಇಲ್ಲಿ ನಾವು ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದಿ ನುಂಗುತ್ತಿದ್ದೆವು. ಒಂದು ದಿನವೂ ತುತ್ತು ಗಂಟಲಲ್ಲಿ ನಿಲ್ಲಲಿಲ್ಲ. 

ಅವನಿಗೆ ದಪ್ಪ ಮೀಸೆ, ಮುಂದಕ್ಕೆ ಬಂದ ಹೊಟ್ಟೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದ. "ಏನೇ ಆಗ್ಲಿ, ಮನೆಯವರನ್ನ ಎಷ್ಟು ಚೆನ್ನಾಗಿ ನೋಡ್ಕೋತಾನೆ ನೋಡ್ರಿ" ಎಂದು ನಾನೇ ಒಂದು ಸಲ ಅಂದಿದ್ದೆ. ಅವನ ಸರಕು ಸೇವಿಸಿ ಸತ್ತವರ ಮನೆಯೊಳಗೆ ಆ ಕ್ಯಾಮೆರಾ ಒಮ್ಮೆಯೂ ಹೋಗಲಿಲ್ಲ. ಹೋಗಲಿಲ್ಲವಲ್ಲ ಎಂದು ನನಗೆ ಹೊಳೆಯಲೂ ಇಲ್ಲ.

ನನ್ನದು ಫ್ಲೆಕ್ಸ್ ಅಂಗಡಿ. ಹಿಂದಿನ ಕೋಣೆಯಲ್ಲಿ ಪ್ರಿಂಟಿಂಗ್ ಮೆಷಿನ್, ಮುಂದುಗಡೆ ಕಂಪ್ಯೂಟರ್ ಮುಂದೆ ನಾನು. ಮುಳಬಾಗಿಲು, ಶ್ರೀನಿವಾಸಪುರದಿಂದಲೂ ಜನ ಬರುತ್ತಾರೆ. ನಮ್ಮ ಕಡೆ ಗೃಹಪ್ರವೇಶಕ್ಕೂ ಫ್ಲೆಕ್ಸು, ಸಾವಿಗೂ ಫ್ಲೆಕ್ಸು. ಹುಟ್ಟುಹಬ್ಬದ್ದಕ್ಕಂತೂ ಒಂದು ಕಟ್ಟುಪಾಡೇ ಇದೆ. ನಡುವೆ ಹುಟ್ಟುಹಬ್ಬದವನು, ಅವನ ತಲೆಯ ಮೇಲೆ ಅವನು ಮೆಚ್ಚುವ ನಾಯಕ, ಕೆಳಗೆ ಸಾಲಾಗಿ 'ಶುಭ ಕೋರುವವರು'. ಆ ಕೆಳಸಾಲಿನಲ್ಲಿ ಒಂದು ಮುಖ ಬಿಟ್ಟುಹೋದರೆ ಗೆಳೆತನವೇ ಮುರಿದು ಬೀಳುತ್ತದೆ. ಹಾಗಾಗಿ ನಾವು ಪ್ರತಿ ವರ್ಷ ಮುಖಗಳನ್ನು ಹೊಸದಾಗಿ ಕತ್ತರಿಸುವ ಗೋಜಿಗೆ ಹೋಗುವುದಿಲ್ಲ. ಹೋದ ವರ್ಷದ ಫೈಲ್ ತೆರೆದು, ನಾಯಕನನ್ನು ಬದಲಿಸಿ, ಕೆಳಸಾಲನ್ನು ಹಾಗೇ ಬಿಟ್ಟು ಪ್ರಿಂಟ್ ಕೊಟ್ಟುಬಿಡುತ್ತೇವೆ.

ಕ್ಯಾಲನೂರು ಕಡೆಯ ಒಂದು ಹಳ್ಳಿಯ ಗುಂಪು ನನಗೆ ಖಾಯಂ ಗಿರಾಕಿ. ಎಲ್ಲರೂ ಇಪ್ಪತ್ತು ದಾಟಿದವರು. ಮೊದಲ ವರ್ಷ ಅವರು ಬಂದಾಗ, "ಅಕ್ಕಾ, ಎಲ್ರಿಗೂ ಕೂಲಿಂಗ್ ಗ್ಲಾಸ್ ಹಾಕ್ಬಿಡಿ, ಗ್ಯಾಂಗ್ ತರ ಕಾಣ್ಬೇಕು" ಅಂದಿದ್ದರು. ಎಂಟು ಮುಖಗಳಿಗೂ ಒಂದೇ ಕಪ್ಪು ಕನ್ನಡಕ ಅಂಟಿಸಿದ್ದೆ.

ಮರುವರ್ಷ ಅವರಲ್ಲೊಬ್ಬ ಬೈಕ್ ಕೂಡ ಆಫ್ ಮಾಡದೆ ಒಳಗೆ ಬಂದ. "ಸಿನಿಮಾ ಹೀರೋ ಬೇಡ ಅಕ್ಕಾ, ಈ ಸಲ ಬಾಸ್ ಬೇಕು" ಎಂದು ಫೋನ್ ತೋರಿಸಿದ. ಅದೇ ಮೀಸೆಯವನು.

"ಇವನಾ?" ಎಂದು ನಕ್ಕೆ. ನಾನೂ ನೋಡಿದ್ದೇನೆಂದು ಹೇಳಿಕೊಂಡೆ ಕೂಡ. "ಕೆಳಗಡೆ ಸಾಲು?"

"ಹೋದ್ ವರ್ಷದ್ದೇ ಇರ್ಲಿ ಬಿಡಿ."

ಆ ಸಾಲಿನ ಮೂರನೆಯವನು ಸತ್ತು ಆರು ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಿಗೆ ನೆನಪಾಗಲಿಲ್ಲ. ನಾನು ಆ ಮಧ್ಯಾಹ್ನವೆಲ್ಲ ಮೀಸೆಯವನ ಹಿಂದೆ ಬಿದ್ದಿದ್ದೆ. ಫೋನಿನ ಚಿತ್ರ ಮಸುಕಾಗಿತ್ತು, ಹತ್ತಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಕಣ್ಣು ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ಅರ್ಧ ಗಂಟೆ ಕೂತು ಆ ಕಣ್ಣುಗಳನ್ನು ತಿದ್ದಿದೆ. ರೆಪ್ಪೆ ಬಿಡಿಸಿದೆ, ಪಾಪೆಯಲ್ಲಿ ಬೆಳಕಿನ ಚುಕ್ಕೆ ಇಟ್ಟೆ. ಯಜಮಾನರನ್ನು ಕರೆದು ತೋರಿಸಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಒಬ್ಬ ಹೆಂಗಸು ಖಾಲಿ ಹಾಲಿನ ಕ್ಯಾನ್ ಹಿಡಿದುಕೊಂಡೇ ಅಂಗಡಿಗೆ ಬಂದಳು. ಡೈರಿಗೆ ಹಾಲು ಹಾಕಿ, ಅಲ್ಲಿಂದಲೇ ಬಸ್ ಹತ್ತಿದ್ದಳು.

"ನಮ್ಮ ಡೈರಿ ಮುಂದೆ ಬೋರ್ಡು ಕಟ್ಟವ್ರೆ. ನೀವೇ ಮಾಡಿದ್ದಾಮ್ಮ?"

ಹೌದು ಅಂದೆ.

"ಅದ್ರಲ್ಲಿ ನನ್ನ ಮಗ ಅವ್ನೆ. ಮೂರನೇವ್ನು. ಅದೆಂತದೋ ಮಾತ್ರೆ ಚಟ ಹತ್ತಿಸ್ಕೊಂಡು ಹೋಗ್ಬಿಟ್ಟ."

ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಮನಸ್ಸಿನಲ್ಲೇ ಉತ್ತರ ಜೋಡಿಸತೊಡಗಿದೆ. ಅವರು ಹೇಳಿದ್ದು ಮಾಡಿದೆ, ನನ್ನ ತಪ್ಪೇನು, ಇಂಥವು. ಆ ಗಳಿಗೆಯಲ್ಲೂ ನನಗೆ ಬಂದ ಮೊದಲ ಯೋಚನೆ ಅದು. ಅವಳು ಜಗಳವಾಡಲಿಲ್ಲ. ಆ ಹುಡುಗರು ಕಟ್ಟಿದ ಮೇಲೆ ಅವನ ಮುಖ ನೋಡಿದರಂತೆ, ಹುಟ್ಟುಹಬ್ಬ ಮುಗಿಯಲಿ ಬಿಚ್ಚೋಣ ಅಂದರಂತೆ.

"ಅವ್ನ ಮೇಲ್ಗಡೆ ಮೀಸೆಯೋನು ಒಬ್ಬ ನಿಂತವ್ನಲ್ಲಮ್ಮ, ಯಾವ ಪಾರ್ಟಿಯೋನು?"

"ಟಿವಿಯಲ್ಲಿ ಬರ್ತಾನೆ" ಎಂದಷ್ಟೇ ಹೇಳಿದೆ. ಅವನು ಏನು ಮಾರುತ್ತಿದ್ದನೆಂದು ಹೇಳಲಿಲ್ಲ. ಹುಡುಗರ ಮೇಲೆ ಅಸಹ್ಯವಾಯಿತು, ಆ ಧಾರಾವಾಹಿ ಮಾಡಿದವರ ಮೇಲೆ ಅಸಹ್ಯವಾಯಿತು. 

ಅವಳು ಕೇಳಲು ಬಂದಿದ್ದು ಬೇರೆ. "ಅದ್ರಲ್ಲಿ ಅವ್ನು ನಗ್ತಾ ಅವ್ನೆ. ಮನೇಲಿ ಅಂಥ ಫೋಟೊ ಒಂದೂ ಇಲ್ಲಮ್ಮ. ಅವನ್ದೊಂದೇ ತೆಗೆದು ಕೊಡ್ತೀರಾ? ಗೋಡೆಗೆ ಹಾಕ್ಕೋತೀನಿ."

ಅದೇನು ದೊಡ್ಡ ಕೆಲಸವಲ್ಲ. ಫೈಲ್ ತೆರೆದು ಅವನೊಬ್ಬನನ್ನೇ ಬಿಡಿಸಿ, ಪರದೆಯ ತುಂಬ ದೊಡ್ಡದು ಮಾಡಿದೆ. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಅವಳು ಕ್ಯಾನ್ ಕೆಳಗಿಟ್ಟು ಹತ್ತಿರ ಬಂದಳು.

"ಆ ಕನ್ನಡಕ ತೆಗೀರಮ್ಮ. ಅದು ಅವನ್ದಲ್ಲ."

ಆಗ ನನ್ನ ಕೈ ನಿಂತಿತು. ಕನ್ನಡಕ ಅಂಟಿಸಿದ ಮೇಲೆ ನಾನು ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಮೂಲ ಫೋಟೊಗಳನ್ನು ಅಳಿಸಿದ್ದೆ. ಆ ಕಪ್ಪು ಗಾಜಿನ ಹಿಂದೆ ಏನೂ ಇರಲಿಲ್ಲ. ಫೋಟೊ ತೆಗೆದ ಹುಡುಗನಿಗೆ ಫೋನ್ ಮಾಡಿದೆ. ಹಳೆ ಫೋನ್ ಕೆಟ್ಟು ಎಸೆದೆ ಅಕ್ಕಾ ಅಂದ. ಮಗನ ಫೋನ್ ಎಲ್ಲಿ ಎಂದು ಅವಳನ್ನೇ ಕೇಳಿದೆ.

"ಮಾತ್ರೆಗೆ ಮಾರ್ಕೊಂಡ್ನಲ್ಲಮ್ಮ."

ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಮಗನ ಆಧಾರ್ ಕಾರ್ಡ್ ಇದೆಯಾ ಎಂದೆ. ಸೆರಗಿನ ಗಂಟಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ. ಅದನ್ನು ಸ್ಕ್ಯಾನ್ ಮಾಡಿ, ಅದರಿಂದ ಎರಡು ಕಣ್ಣು ಕತ್ತರಿಸಿ ಈ ಮುಖಕ್ಕೆ ಕೂರಿಸಿದೆ. ಬಣ್ಣ ಹೊಂದಿಸಿದೆ, ಹುಬ್ಬು ಬರೆದೆ. ಮುಕ್ಕಾಲು ಗಂಟೆ ಅವಳು ನನ್ನ ಹಿಂದೆ ನಿಂತೇ ಇದ್ದಳು, ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಕೆಲಸ ಚೆನ್ನಾಗಿಯೇ ಬಂದಿತ್ತು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಕುರ್ಚಿ ಸರಿಸಿ ತೋರಿಸಿದೆ.

ಅವಳು ತುಂಬ ಹೊತ್ತು ನೋಡಿದಳು. ಅಲ್ಲಿಯವರೆಗೂ ಕನ್ನಡದಲ್ಲಿ ಮಾತಾಡುತ್ತಿದ್ದವಳು ತನ್ನ ಮನೆಮಾತು ತೆಲುಗಿಗೆ ಹೊರಳಿ, "ವೀಡು ಕಾದಮ್ಮಾ" ಅಂದಳು. ಇವನಲ್ಲ. ಆಮೇಲೆ, ನನಗೆ ತಿಳಿಯಲಿಲ್ಲವೇನೋ ಎಂದು ಮತ್ತೆ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ನಗೋವಾಗ ಅವ್ನ ಕಣ್ಣು ಸಣ್ಣಗಾಗ್ಬಿಡೋದು. ನೀವೇನ್ ಮಾಡ್ತೀರಾ ಬಿಡಿ, ನೀವು ಅವ್ನನ್ನ ನೋಡಿಲ್ವಲ್ಲ."

ಕಾರ್ಡನ್ನು ಕವರಿಗೆ ಹಾಕಿ ಸೆರಗಿಗೆ ಗಂಟು ಹಾಕಿಕೊಂಡಳು. ಕ್ಯಾನ್ ಎತ್ತಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಯಜಮಾನರನ್ನು ಕಳಿಸಿ ಆ ಫ್ಲೆಕ್ಸ್ ಅವತ್ತೇ ಬಿಚ್ಚಿಸಿದೆ, ಫೈಲ್ ಅಳಿಸಿದೆ. ಮರುವಾರ ಮಾಲೂರಿನಿಂದ ಇಬ್ಬರು ಬಂದು ಅದೇ ಮೀಸೆಯವನು ಬೇಕು ಅಂದರು. ಮಾಡುವುದಿಲ್ಲ ಅಂದೆ. ಬೇರೆ ಅಂಗಡಿಗೆ ಹೋಗ್ತೀವಿ ಅಂದರು, ಹೋಗಿ ಅಂದೆ. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಮೀಸೆಯವನು ಇನ್ನೂ ಎಲ್ಲಾದರೂ ಉಳಿದಿದ್ದಾನೆಯೇ ಎಂದು ಹುಡುಕಿದೆ. ಒಳ್ಳೆಯ ಕೆಲಸ ಕಳೆದುಹೋಗದಿರಲೆಂದು ನಾನೇ ಬೇರೆ ಬೇರೆ ಕಡೆ ಇಟ್ಟಿದ್ದೆ. ನಾಲ್ಕು ಫೋಲ್ಡರುಗಳಲ್ಲಿ ಅವನ ಕಣ್ಣುಗಳು ಸಿಕ್ಕವು, ಒಂದು ರೆಪ್ಪೆಯೂ ಕೆಡದೆ.