ತಾನಾಗಿ ಇಳಿದ ತೂಕ

ಮಿಲ್ಲಿನಮ್ಮ ನಡೆದು ನಡೆದು, ಹೊಟ್ಟೆ ಬಾಯಿ ಕಟ್ಟಿ ಸತ್ತಳು ಎಂದು ಮಿಡಿಗೇಶಿಯಲ್ಲಿ ಹೇಳುತ್ತಾರೆ. ಸುಳ್ಳು. ಅವಳನ್ನು ಕೊಂದದ್ದು ಹೊಟ್ಟೆಯೊಳಗಿನ ಗಡ್ಡೆ. ಅದು ಅವಳನ್ನು ತಿನ್ನುತ್ತಿದ್ದಾಗ ನಾವೆಲ್ಲ ಎದುರಿಗೆ ನಿಂತು ಹೊಗಳಿದೆವು. ಕೊನೆಕೊನೆಗೆ ರಾಗಿ ಸುರಿಯಲು ಕೈ ಎತ್ತಿದರೆ ಅವಳ ಹಸಿರು ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಬಂದು ನಿಲ್ಲುತ್ತಿದ್ದವು. ಅದನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ.

ನಮ್ಮ ಬೀದಿಯ ಕೊನೆಯಲ್ಲಿ ಅವಳ ಹಿಟ್ಟಿನ ಮಿಲ್ಲು. ನನಗಿಂತ ಹತ್ತು ವರ್ಷ ಚಿಕ್ಕವಳು. ಹುಬ್ಬು, ರೆಪ್ಪೆ, ಮೂಗಿನ ತುದಿ, ಎಲ್ಲಾ ಕಡೆ ಹಿಟ್ಟು. ಮಿಲ್ಲಿನ ಸದ್ದಿನಲ್ಲೇ ಬದುಕಿದವಳು, ದೇವಸ್ಥಾನದಲ್ಲೂ ಕೂಗಿಯೇ ಮಾತಾಡುತ್ತಿದ್ದಳು. ಮೊದಲು ಅವಳೂ ದಪ್ಪಗಿದ್ದಳು. ಮೂಟೆಯ ಪಕ್ಕ ಕೂತರೆ ಮೂಟೆ ಯಾವುದು ಇವಳು ಯಾವುದು ಎಂದು ಗಂಡಸರು ನಗುತ್ತಿದ್ದರು. ಎರಡು ವರ್ಷದಲ್ಲಿ ಇಪ್ಪತ್ತು ಕೆಜಿ ಇಳಿಸಿದಳು. ಆಮೇಲೆ ನಾಲ್ಕು ವರ್ಷ ಅದನ್ನು ಮತ್ತೆ ಏರಗೊಡಲಿಲ್ಲ.

ನನಗೆ ಶುಗರ್ ಬಂದಾಗ ಮಧುಗಿರಿಯ ಡಾಕ್ಟರು, ತೂಕ ಇಳಿಸದಿದ್ದರೆ ಕಣ್ಣಿಗೂ ಕಾಲಿಗೂ ಕುತ್ತು ಅಂದರು. ನನ್ನ ಅವ್ವ ಶುಗರಿನಲ್ಲಿ ಕಾಲು ಕಳೆದುಕೊಂಡು ಸತ್ತವಳು. ಆ ಹೆದರಿಕೆ ಹೊಟ್ಟೆಯಲ್ಲಿಟ್ಟುಕೊಂಡೇ ರಾಗಿ ಬೀಸಿಸಲು ಹೋಗಿದ್ದೆ. ಅವಳು ನನ್ನ ರಾಗಿ ತೂಗಿ ಪಕ್ಕಕ್ಕಿಟ್ಟು, "ಈಗ ನೀನು ಹತ್ತಕ್ಕ" ಅಂದಳು.

"ಥೂ, ನಾಕು ಜನ ಕೂತವ್ರೆ ಕಣಮ್ಮ."

"ರಾಗಿ ಮೂಟೆ ನಾಚ್ಕಂಡಿದ್ದು ನೋಡಿದ್ದೀಯಾ? ಹತ್ತು."

ಮೂಟೆ ತೂಗುವ ಆ ಮಿಷನ್ನು ಎಂಬತ್ತೊಂದು ತೋರಿಸಿತು. ಕಾದು ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ನಗ್ರಿ, ನಗ್ರಿ. ಮುಂದಿನ್ ಸರ್ತಿ ನಿಮ್ಮನ್ನೂ ಹತ್ತುಸ್ತೀನಿ" ಅಂದಳು. ನಗು ನಿಂತಿತು.

ಅಲ್ಲಿಂದಾಚೆ ಪ್ರತಿ ಸೋಮವಾರ ಮಿಲ್ಲು ಶುರುವಾಗುವ ಮುಂಚೆ ಇಬ್ಬರೂ ಮಿಷನ್ನು ಹತ್ತುವುದು. ದಿನಾ ಬೆಳಿಗ್ಗೆ ಬೆಟ್ಟದ ಬುಡದವರೆಗೆ ನಡೆದು ವಾಪಸು ಬರುವುದು. ಮೂರು ಮುದ್ದೆ ಉಣ್ಣುತ್ತಿದ್ದ ನನಗೆ ಒಂದೇ ಮುದ್ದೆ, ಅದೂ ಮುಷ್ಟಿಗಾತ್ರ. ಜೊತೆಗೆ ತಟ್ಟೆ ತುಂಬಾ ಸೊಪ್ಪು, ಹುರುಳಿಕಾಳು. ಕಾಫಿಗೆ ಸಕ್ಕರೆ ಇಲ್ಲ. ಯುಗಾದಿಯಲ್ಲಿ ನಾನು ಎರಡನೇ ಒಬ್ಬಟ್ಟಿಗೆ ಕೈ ಹಾಕಿದರೆ ಎಲ್ಲರೆದುರೇ ಕೈಮೇಲೆ ಹೊಡೆದಳು.

"ಇಳಿಸೋದೇನು ದೊಡ್ಡದಲ್ಲ ಕಣಕ್ಕ. ಇಳಿಸಿದ್ದನ್ನ ಕಾಯೋದೈತಲ್ಲ, ಅದು ಕುರಿ ಕಾಯ್ದಂಗೆ. ನೀನು ಕೂತ್ಕಂಡ್ರೂ ಅದು ಕೂತ್ಕಳಲ್ಲ" ಅನ್ನುತ್ತಿದ್ದಳು.

ಒಂದೂವರೆ ವರ್ಷಕ್ಕೆ ನಾನು ಅರವತ್ತೊಂಬತ್ತಕ್ಕೆ ಬಂದು ಅಲ್ಲೇ ನಿಂತೆ. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ನನ್ನ ಎರಡು ಕಾಲೂ ನನ್ನ ಹತ್ತಿರವೇ ಇವೆ. ಅದು ಅವಳ ಋಣ.

ಹೋದ ವರ್ಷ ಅವಳ ತೂಕ ಮತ್ತೆ ಇಳಿಯತೊಡಗಿತು. ಅವಳು ನಡಿಗೆ ಹೆಚ್ಚಿಸಿರಲಿಲ್ಲ. ಊಟ ಬದಲಾಯಿಸಿರಲಿಲ್ಲ. ವಾರಕ್ಕೆ ಅರ್ಧ ಕೆಜಿ, ಒಂದು ಕೆಜಿ ಹೋಗುತ್ತಿತ್ತು. ಮೂರು ಸಲ ರವಿಕೆ ಬಿಗಿ ಹಿಡಿಸಿದಳು. ಪ್ರತಿ ಸಲವೂ ಮಿಲ್ಲಿನಲ್ಲಿ ಒಂದು ಸುತ್ತು ತಿರುಗಿ ತೋರಿಸಿದಳು, ಹೆಂಗಸರು ಚಪ್ಪಾಳೆ ಹೊಡೆದರು.

"ಈಗೀಗ ಹಸಿವೇ ಆಗಲ್ಲ ಕಣಕ್ಕ" ಅಂದಳು ಒಂದು ದಿನ.

"ಪುಣ್ಯ ಮಾಡಿದ್ದೀಯಾ ಬುಡು" ಅಂದೆ. ಈ ಬಾಯಲ್ಲೇ ಅಂದೆ.

ಒಂದು ಬೆಳಿಗ್ಗೆ ಬೆಟ್ಟದ ದಾರಿಯಲ್ಲಿ ಕೂತವಳು ಏಳಲಿಲ್ಲ. ಕಪ್ಪಗೆ ವಾಂತಿ ಮಾಡಿಕೊಂಡಳು. ತುಮಕೂರಿಗೆ ಕರೆದೊಯ್ದರು. ಗಡ್ಡೆ ಬಲಿತುಹೋಗಿತ್ತು.

ನೋಡಲು ಹೋದಾಗ ಅವಳ ಮುಖದಲ್ಲಿ ಹಿಟ್ಟಿರಲಿಲ್ಲ. ಗುರುತೇ ಹತ್ತಲಿಲ್ಲ. ಮೊದಲ ಸಲ ಅವಳು ಪಿಸುಮಾತಿನಲ್ಲಿ ಮಾತಾಡಿದ್ದು ಕೇಳಿದೆ.

"ನಾನು ಇಳಿಸಿದ್ದು ಬ್ಯಾರೆ ಅಕ್ಕ, ಇದು ಇಳಿಸಿದ್ದು ಬ್ಯಾರೆ. ಎಲ್ಡೂ ಒಂದೇ ಅಂದ್ಕಂಡ್ಬುಟ್ಟೆ. ನೀನು ನಡಿಯೋದು ಬುಡಬ್ಯಾಡ. ಆದ್ರೆ ನೀನೇನೂ ಮಾಡ್ದಲೆ ಇಳುದ್ರೆ, ಹೆದ್ರುಕೋ."

ಇಪ್ಪತ್ತು ದಿನಕ್ಕೆ ಹೋದಳು.

ಅವಳನ್ನು ನೋಡಿ ನಡೆಯಲು ಶುರು ಮಾಡಿದ್ದ ಊರಿನ ಹೆಂಗಸರು ನಡಿಗೆ ಬಿಟ್ಟರು. ನನ್ನ ಸೊಸೆ ತಟ್ಟೆಗೆ ಎರಡು ಮುದ್ದೆ ಇಟ್ಟು, "ಅತ್ತೆ, ನಿಮ್ ಡಯಟ್ಟೂ ಬ್ಯಾಡ, ವಾಕಿಂಗೂ ಬ್ಯಾಡ. ಸುಮ್ಕೆ ಉಣ್ಣಿ" ಅಂದಳು. ನಾನೂ ಹೆದರಿದ್ದೆ. ಆ ದಾರಿಯಲ್ಲಿ ಅವಳು ಕೂತ ಜಾಗ ದಾಟಲು ಕಾಲು ಬರುತ್ತಿರಲಿಲ್ಲ. ಎರಡು ತಿಂಗಳು ಚೆನ್ನಾಗಿ ಉಂಡು ಮನೆಯಲ್ಲೇ ಕೂತೆ.

ಆಮೇಲೆ ಒಂದು ಮಧ್ಯಾಹ್ನ ರಾಗಿ ಹೊತ್ತು ಮಿಲ್ಲಿಗೆ ಹೋದೆ. ಈಗ ಅವಳ ಗಂಡ ನಡೆಸುತ್ತಾನೆ. ಮಿಷನ್ನು ಹತ್ತು ಅನ್ನುವವರು ಯಾರೂ ಇರಲಿಲ್ಲ, ನಾನೇ ಹತ್ತಿದೆ. ಎಪ್ಪತ್ತೈದಾದರೂ ಆಗಿರುತ್ತದೆ ಎಂದು ನಾಚಿಕೆ ಪಟ್ಟುಕೊಂಡೇ ನೋಡಿದೆ.

ಅರವತ್ತಾರು.

ಇಳಿದು, ಚಪ್ಪಲಿ ಬಿಟ್ಟು, ಮತ್ತೆ ಹತ್ತಿದೆ. ಅರವತ್ತಾರು.

"ಸಣ್ಣಗಾಗಿದ್ದೀಯಲ್ಲಕ್ಕ, ಒಳ್ಳೇದಾಯ್ತು" ಅಂದ ಅವಳ ಗಂಡ, ಮೆಚ್ಚಿಕೊಂಡೇ. ರಾಗಿ ಬೀಸಿಸಿಕೊಂಡು ಹೊರಟೆ. ಹಿಟ್ಟು ಬಿಸಿಯಾಗಿತ್ತು, ಚೀಲ ಹಿಡಿದ ಕೈ ಮಾತ್ರ ತಣ್ಣಗಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮೂರನೇ ಮುದ್ದೆ ಇಡುತ್ತಾರೆ, ಅಷ್ಟೇ.

ಮಾರನೇ ಬೆಳಿಗ್ಗೆ ನೀರನ್ನೂ ಕುಡಿಯದೆ ಮೊದಲ ಬಸ್ಸು ಹತ್ತಿ ಮಧುಗಿರಿಗೆ ಹೋದೆ. ಆಸ್ಪತ್ರೆ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ರಕ್ತ ತೆಗೆಯುವ ಹುಡುಗಿ, "ಏನಜ್ಜಿ ತೊಂದ್ರೆ?" ಅಂದಳು.

"ನೋವಿಲ್ಲ, ಜ್ವರ ಇಲ್ಲ. ನಾನೇನೂ ಮಾಡ್ದಲೆ ಸಣ್ಣಗಾಗಿದ್ದೀನಿ ಕಣಮ್ಮ. ಯಾಕೆ ಅಂತ ನೋಡು" ಅಂದು, ಸೆರಗು ಸರಿಸಿ ತೋಳು ಚಾಚಿದೆ.