ಅವನು ಅಂಕಣಕ್ಕೆ ಇಳಿಯುವ ತನಕ

ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಮುರಿದು, ಹೇಗೋ ಕೂಡಿಕೊಂಡು, ಹೊರಕ್ಕೆ ವಾಲಿತ್ತು. ಔಟ್ ಎಂದು ಕೈ ಎತ್ತಿದರೆ ನಾಲ್ಕು ಬೆರಳು ಒಂದು ಕಡೆ, ಇದೊಂದು ಇನ್ನೊಂದು ಕಡೆ. ಅಂಕಣದ ಸುತ್ತ ಕೂತ ಪೋಲಿಗಳು, "ಸಾರ್, ಪಾಯಿಂಟು ನಾಕು ಬೆರಳು ತೋರ್ಸಿದ್ ಕಡೀಕಾ, ಒಂದು ಬೆರಳು ತೋರ್ಸಿದ್ ಕಡೀಕಾ?" ಎಂದು ಕೂಗುತ್ತಿದ್ದರು. ಅವರು ಆ ಕಡೆ ತಿರುಗುತ್ತಿರಲಿಲ್ಲ. ವಯಸ್ಸಿನಲ್ಲಿ ತಾವೂ ಕಬಡ್ಡಿ ಆಡಿ ಆ ಬೆರಳನ್ನು ಹಾಗೆ ಮಾಡಿಕೊಂಡವರು. ನಾವು ಕಂಡಾಗ ರೆಫರಿ.

ಸಂಬಳದ ಕೆಲಸ ರೇಷ್ಮೆ ಇಲಾಖೆಯಲ್ಲಿ. ರಾಮನಗರದ ಸುತ್ತಿನ ಹಳ್ಳಿಗಳಿಗೆ ಮೊಪೆಡ್ಡಿನಲ್ಲಿ ಬಂದು, ಹುಳ ಸಾಕುವ ಮನೆಗಳಿಗೆ ತಿಳಿವಳಿಕೆ ಹೇಳುವುದು. ಆಗ ರೇಷ್ಮೆಯ ಸುಗ್ಗಿ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಹಿಪ್ಪುನೇರಳೆ ಎದ್ದಿತ್ತು. ಗೂಡಿನ ಮಾರುಕಟ್ಟೆಗೆ ಹೋದವರು ಬರುವಾಗ ರೇಡಿಯೊವನ್ನೋ ಗೋಡೆ ಗಡಿಯಾರವನ್ನೋ ಹಿಡಿದು ಬರುತ್ತಿದ್ದರು. ಗೂಡು ಕೊಂಡು ನೂಲು ತೆಗೆಸುವ ರೀಲರುಗಳಿಗೆ ಕೈ ಇನ್ನೂ ಸಡಿಲ. ಅವರಲ್ಲಿ ಕೆಲವರು ಕಬಡ್ಡಿ ತಂಡ ಕಟ್ಟಿದರು. ಕನಕಪುರದಲ್ಲೊಂದು ಪಂದ್ಯಾವಳಿಯಾದರೆ ಮುಂದಿನ ತಿಂಗಳು ಮಾಗಡಿಯಲ್ಲಿ, ಆಮೇಲೆ ಚನ್ನಪಟ್ಟಣದಲ್ಲಿ. ಎಲ್ಲಿದ್ದರೂ ಸೀಟಿ ಊದಲು ಇವರೇ ಬೇಕು.

ಆಟಕ್ಕೆ ಮುಂಚೆ ಹದಿನಾಲ್ಕೂ ಜನರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಜೇಬಿನಿಂದ ನೇಲ್‌ಕಟರ್ ತೆಗೆದು ತಾವೇ ಕತ್ತರಿಸುತ್ತಿದ್ದರು. ಹಿಡಿತ ಜಾರಲಿ ಎಂದು ಯಾರಾದರೂ ಕಾಲಿಗೆ ಎಣ್ಣೆ ಸವರಿದ್ದರೆ ಮಣ್ಣು ಹಾಕಿ ಉಜ್ಜಿಸುತ್ತಿದ್ದರು. ಆಮೇಲೆ ಪ್ರತಿ ಸಲವೂ ಒಂದೇ ಮಾತು: "ಹಿಡಿಯಾದೂ ಆಟ, ಹಿಡ್ದಮ್ಯಾಲೆ ಬುಡಾದೂ ಆಟ ಕಣ್ರಪ್ಪಾ."

ನಾನು ರಾಮನಗರದ ಒಬ್ಬ ರೀಲರ್ ಕಟ್ಟಿದ ತಂಡದಲ್ಲಿ ಆಡುತ್ತಿದ್ದೆ. ಬಲಗಡೆಯ ಮೂಲೆ ನನ್ನದು. ರೈಡ್‌ಗೆ ಬಂದವನ ಕಾಲಿನ ಹರಡನ್ನು ಬಗ್ಗಿ ಹಿಡಿದರೆ ಬಿಡಿಸಿಕೊಂಡು ಹೋದವರು ಕಡಿಮೆ. ಆ ಹೆಸರಿನ ಸೊಕ್ಕು ನನಗಿತ್ತು, ಮಾಲೀಕರು ಅದಕ್ಕೆ ನೀರೆರೆಯುತ್ತಿದ್ದರು.

ಚನ್ನಪಟ್ಟಣದ ಪಂದ್ಯಾವಳಿಯ ಸೆಮಿಫೈನಲ್ಲು ಒಂದು ಭಾನುವಾರ ಮಧ್ಯಾಹ್ನ. ಎದುರಿಗೆ ಮಾಗಡಿಯ ತಂಡ. ಅವರಲ್ಲೊಬ್ಬ ರೈಡರ್, ಗುಡೇಮಾರನಹಳ್ಳಿಯವನು, ಕುರಿ ಸಾಕುವ ಮನೆಯ ಹುಡುಗ. ತೆಳ್ಳಗಿದ್ದ. ಮೂರು ಸಲ ನನ್ನ ಭುಜ ಮುಟ್ಟಿ ಗೆರೆ ದಾಟಿಕೊಂಡು ಹೋದ. ಮೂರನೆಯ ಸಲ ನಾನು ಮುಗ್ಗರಿಸಿ ಬಿದ್ದೆ. ಜನ ನಕ್ಕರು. ಔಟಾಗಿ ಮತ್ತೆ ಒಳಗೆ ಬಂದ ಮೇಲೆ ಅವನ ಇನ್ನೊಂದು ರೈಡ್‌ನಲ್ಲಿ ನಾನು ಅವನ ಎದೆಗೆ ಮೊಣಕೈ ಕೊಟ್ಟೆ. ರೆಫರಿ ನನ್ನನ್ನು ಕರೆದು, "ಇನ್ನೊಂದ್ಸಲ ಮಾಡ್ಬ್ಯಾಡ" ಎಂದು ಎಚ್ಚರಿಸಿ ಕಳಿಸಿದರು.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಅವನ ಕಾಲು ನನ್ನ ಕೈಗೆ ಸಿಕ್ಕಿತು. ಉಳಿದವರು ಮೇಲೆ ಬಿದ್ದರು. ಕಬಡ್ಡಿ ಎನ್ನುತ್ತಿದ್ದ ಅವನ ದಮ್ಮು ಮುಗಿಯಿತು, ರೆಫರಿ ಸೀಟಿ ಊದಿದರು, ನಮ್ಮವರು ಒಬ್ಬೊಬ್ಬರಾಗಿ ಎದ್ದರು. ನಾನು ಏಳಲಿಲ್ಲ. ಹರಡು ಹಿಡಿದುಕೊಂಡೇ ಅವನ ಮಂಡಿಯ ಮೇಲೆ ನನ್ನ ಮಂಡಿ ಊರಿ, ಕಾಲನ್ನು ತಿರುವಿದೆ. ಸೊಪ್ಪು ಬಿಡಿಸಿ ಒಣಗಿದ ಹಿಪ್ಪುನೇರಳೆ ಕಡ್ಡಿ ಮುರಿದಂತೆ ಸದ್ದಾಯಿತು. ಅವನು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದ.

ರೆಫರಿ ನನ್ನನ್ನು ಹೊರಗೆ ಹಾಕಿದರು. "ಸೀಟಿ ಕೇಳಿಸ್ಲಿಲ್ಲ ಸಾರ್" ಎಂದೆ.

"ಕೇಳಿಸ್ತು" ಎಂದರು. "ಸೀಟಿ ಊದ್ದಾಗ ನೀನು ತಲೆ ಎತ್ತಿ ನನ್ ಮುಖ ನೋಡ್ದೆ. ಆಮ್ಯಾಕೆ ತಿರುವ್ದೆ."

ಮಾರನೆಯ ದಿನ ಪಂದ್ಯಾವಳಿಯ ಸಮಿತಿ ಶಾಲೆಯ ಕೊಠಡಿಯೊಂದರಲ್ಲಿ ಸೇರಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾಗಡಿಯವರು, "ಇವ್ನು ಜೀವ್ಮಾನದಲ್ಲಿ ಆಡ್ಬಾರ್ದು, ಪೊಲೀಸ್ಗೂ ಕೊಡ್ರಿ" ಎಂದರು. ನಮ್ಮ ಮಾಲೀಕರು ಆಸ್ಪತ್ರೆಯ ಖರ್ಚು ಕೊಡುವುದಾಗಿಯೂ, ಒಂದು ಪಂದ್ಯ ಕೂರಿಸಿದರೆ ಸಾಕೆಂದೂ ವಾದಿಸಿದರು. ಆಟವೆಂದ ಮೇಲೆ ಏಟು ಬೀಳುವುದೇ, ನೋಡುವವರು ಬರುವುದೂ ಅದಕ್ಕೇ ಎಂದರು. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ರೆಫರಿ ಕೊನೆಯಲ್ಲಿ ಮಾತಾಡಿದರು. "ಜೀವ್ಮಾನ ಅನ್ನಾದು ಜಾಸ್ತಿ ಆಯ್ತದೆ, ಒಂದು ಪಂದ್ಯ ಅನ್ನಾದು ಕಮ್ಮಿ ಆಯ್ತದೆ. ಆ ಹುಡ್ಗ ಎದ್ದು ಅಂಕಣಕ್ಕೆ ಇಳಿಯೋಗಂಟ ಇವ್ನೂ ಇಳೀಬಾರ್ದು. ಅವ್ನು ಇಳಿದ್ ದಿನ ಇವ್ನೂ ಇಳೀಲಿ."

"ಅವ್ನು ಆರು ತಿಂಗ್ಳು ಮಲಗಿದ್ರೆ?" ಎಂದರು ಮಾಲೀಕರು.

"ಇವ್ನೂ ಆರು ತಿಂಗ್ಳು ಕೂತಿರ್ಲಿ."

"ಏಳ್ದೇ ಹೋದ್ರೆ?"

ರೆಫರಿ ಸಮಿತಿಯ ಪುಸ್ತಕ ಹತ್ತಿರ ಎಳೆದುಕೊಂಡು, "ಏಳ್ಲಿ ಅಂತ ಇವ್ನೂ ಬೇಡ್ಕಳ್ಲಿ" ಎಂದರು.

ಅದನ್ನು ನಿಯಮವೆಂದು ಪುಸ್ತಕದಲ್ಲಿ ಬರೆದು ನನ್ನ ಸಹಿ ಹಾಕಿಸಿದರು. ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡು ಸಹಿ ಹಾಕಿದೆ.

ಒಂದು ವರ್ಷ ಕಳೆಯಿತು. ನಾವೂ ಹುಳ ಸಾಕುತ್ತಿದ್ದೆವು; ಅದನ್ನು ನೋಡಲು ರೆಫರಿ ನಮ್ಮ ಮನೆಗೆ ಬಂದಾಗಲೆಲ್ಲ ನಾನು ಹಿಂದಿನ ಬಾಗಿಲಿಂದ ಹೊರಗೆ ಹೋಗುತ್ತಿದ್ದೆ. ಅವರು ಕೈಕಾಲು ತೊಳೆದು ಹುಳದ ಮನೆಯ ಒಳಗೆ ಬಂದು, ತಟ್ಟೆಗಳನ್ನು ನೋಡಿ, ಸುಣ್ಣ ಎಷ್ಟು ಉದುರಿಸಬೇಕು, ಯಾವ ಕಿಟಕಿ ತೆರೆಯಬೇಕು ಎಂದು ಅಪ್ಪನಿಗೆ ಹೇಳಿ ಹೊರಡುತ್ತಿದ್ದರು. ಒಮ್ಮೆ ಅವ್ವ ಕಾಫಿ ಕೊಟ್ಟು, "ನನ್ ಮಗನ್ನ ಆಟಕ್ಕೆ ಬುಡ್ರಪ್ಪಾ. ಊಟ ಸೇರ್ತಿಲ್ಲ ಅವ್ನಿಗೆ" ಅಂದಳಂತೆ. "ಅದು ನನ್ ಕೈಯಾಗಿಲ್ಲ ಕಣವ್ವಾ, ಗುಡೇಮಾರನಹಳ್ಳೀಲೈತೆ" ಅಂದರಂತೆ.

ಎರಡನೆಯ ವರ್ಷದ ಪಂದ್ಯಾವಳಿ ಹತ್ತಿರ ಬಂದಾಗ ನನ್ನನ್ನು ಆಡಲು ಬಿಡುವಂತೆ ಮಾಲೀಕರು ಸಮಿತಿಯವರನ್ನೆಲ್ಲ ಒಪ್ಪಿಸಿದರು. ಉಳಿದದ್ದು ರೆಫರಿಯೊಬ್ಬರ ಒಪ್ಪಿಗೆ. ಇವರು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಒಂದು ಬೆಳಿಗ್ಗೆ ಮೊಪೆಡ್ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಹತ್ತು, ನೋಡ್ಕಂಡ್ ಬರಾಣ" ಎಂದರು. ರಾಮನಗರದಿಂದ ಮಾಗಡಿ, ಮಾಗಡಿ ದಾಟಿ ಗುಡೇಮಾರನಹಳ್ಳಿ. ಏರು ಬಂದಲ್ಲಿ ನಾನು ಇಳಿದು ತಳ್ಳಿದೆ.

ಅವನ ಮನೆಯ ಅಂಗಳದಲ್ಲಿ ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ. ಅವನೂ ಒಂದು ಮಣೆಯ ಮೇಲೆ ಕಾಲು ಚಾಚಿ ಕೂತು ಹುಳ ಬಿಡುತ್ತಿದ್ದ. ಕುರಿಗಳ ಹಿಂದೆ ಈಗ ತಮ್ಮ ಹೋಗುತ್ತಾನೆ ಎಂದ. ನನ್ನನ್ನು ನೋಡಿ, "ಬಾರಣ್ಣ, ಕೂತ್ಕೋ" ಎಂದ. ನಾನು ನಿಂತೇ ಇದ್ದೆ.

ಬಂದ ಕಾರಣವನ್ನು ರೆಫರಿ ಹೇಳಿದರು. ಅವನು ಸ್ವಲ್ಪವೂ ಯೋಚಿಸದೆ, "ನಂಗ್ ವಾಸಿಯಾಗೈತೆ ಸಾರ್. ಈ ಸಲ ಆಡ್ತೀನಿ. ಬರ್ಕಳಿ" ಎಂದ.

"ಹಂಗಾದ್ರೆ ಆ ಹುಣಸೆಮರದ ಗಂಟ ಓಡ್ಬಾ."

ಅವನು ಪಂಚೆ ಎತ್ತಿ ಕಟ್ಟಿ ಎದ್ದ. ಓಡಿದ. ಮೊದಲ ಹತ್ತು ಹೆಜ್ಜೆ ನೋಡಿದರೆ ನಿಜವಾಗಿ ವಾಸಿಯಾಗಿದೆ ಎನ್ನಬೇಕು, ಹಾಗೆ ಓಡಿದ. ಮರ ಮುಟ್ಟಿ ಹಿಂದಿರುಗುವಾಗ ಆ ಕಾಲು ಮಡಿಸಿಕೊಂಡಿತು. ಮಂಡಿಯೂರಿ ಬಿದ್ದ. ಎದ್ದು ನಗುತ್ತ, "ಕಲ್ಲು ಸಿಕ್ತು ಸಾರ್, ಇನ್ನೊಂದ್ಸಲ ಓಡ್ತೀನಿ" ಎಂದ. ಅಲ್ಲಿ ಕಲ್ಲಿರಲಿಲ್ಲ. ಸಗಣಿ ಸಾರಿಸಿದ ನೆಲ. ಅವನ ತಾಯಿ ಕೈಯಲ್ಲಿ ಹುಳ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದಳು.

"ಯಾಕಪ್ಪಾ ಸುಳ್ಳು ಹೇಳ್ತೀಯ?" ಎಂದರು ರೆಫರಿ.

"ಇಬ್ರೂ ಕೂತ್ಕಂಡು ಏನ್ ಮಾಡಾದು ಸಾರ್? ಒಬ್ಬನಾದ್ರೂ ಆಡ್ಲಿ."

ಅವನು ಮತ್ತೆ ಮರದ ಕಡೆ ತಿರುಗಿದ. "ಸಾಕು ಸಾರ್" ಎಂದೆ ನಾನು. "ಬರೀಬ್ಯಾಡಿ. ನಾನು ಆಡಾದಿಲ್ಲ."

ವಾಪಸು ಬರುವಾಗ ಮಾಗಡಿಯಲ್ಲಿ ಟೀ ಕುಡಿಯಲು ನಿಂತೆವು. ನನ್ನನ್ನು ಹೊಗಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಲೋಟ ಕೆಳಗಿಟ್ಟು ಬೇರೆ ಏನನ್ನೋ ಹೇಳಿದರು: "ಅವತ್ತು ನೀನು ಅವ್ನ ಎದೆಗೆ ಮೊಣಕೈ ಕೊಟ್ಟಾಗ್ಲೇ ನಿನ್ನ ಹೊರೀಕೆ ಕಳಿಸ್ಬೇಕಾಗಿತ್ತು. ಬೇಕಂತ್ಲೇ ಮಾಡ್ದೆ ಅಂತ ನಂಗೊತ್ತಿತ್ತು. ಕಳಿಸಿದ್ರೆ ಜನ ಗಲಾಟೆ ಮಾಡ್ತಾರೆ, ಆಟ ಕೆಡ್ತದೆ ಅಂತ ಮಾತಲ್ಲೇ ಬುಟ್ಬುಟ್ಟೆ. ಆಗ ಕಳಿಸಿದ್ರೆ ಅವ್ನ ಕಾಲು ಉಳೀತಿತ್ತು. ಅದ್ಕೇ ಆ ಪುಸ್ತಕದಲ್ಲಿ ಬರ್ದಿದ್ದು ನಂಗೂ ಸೇರ್ತದೆ ಅಂದ್ಕಂಡೆ."

ಆಗ ಹೊಳೆಯಿತು. ಆ ಭಾನುವಾರದ ನಂತರ ಅವರು ಸೀಟಿ ಊದಿದ್ದನ್ನು ಯಾರೂ ಕಂಡಿರಲಿಲ್ಲ. ಕರೆಯಲು ಹೋದವರಿಗೆಲ್ಲ ಮಂಡಿನೋವು ಎಂದು ಹೇಳಿ ಕಳಿಸುತ್ತಿದ್ದರು, ಎಲ್ಲರೂ ನಂಬಿದ್ದರು.

ಮುಂದೆಯೂ ಅವರು ಊದಲಿಲ್ಲ, ನಾನು ಆಡಲಿಲ್ಲ. ಮಾಲೀಕರು ಬೇರೆ ಹುಡುಗನನ್ನು ತಂದು ಆ ಮೂಲೆಯಲ್ಲಿ ನಿಲ್ಲಿಸಿದರು. ಪುಸ್ತಕದ ಆ ನಿಯಮವನ್ನು ಕೆಲವು ವರ್ಷಗಳ ಮೇಲೆ ಹೊಸ ಸಮಿತಿ ಕೈಬಿಟ್ಟಿತು. ಒಬ್ಬನ ಮೂಳೆ ಎಷ್ಟು ಬೇಗ ಕೂಡುತ್ತದೆ ಎನ್ನುವುದರ ಮೇಲೆ ಇನ್ನೊಬ್ಬನ ಶಿಕ್ಷೆ ನಿಲ್ಲುವುದು ನ್ಯಾಯವಲ್ಲ ಎಂದರಂತೆ. ಆ ಮಾತಿನಲ್ಲೂ ಹುರುಳಿದೆ. ನನ್ನ ಶಿಕ್ಷೆಯಿಂದ ಅವನ ಕಾಲೇನೂ ನೆಟ್ಟಗಾಗಲಿಲ್ಲ. ಆದರೆ ಆ ಒಂದೂವರೆ ವರ್ಷ, ಮಾಗಡಿ ಕಡೆಯಿಂದ ಬಂದ ಯಾರೇ ಸಿಕ್ಕಿದರೂ ಅವನ ಕಾಲು ಹೇಗಿದೆ ಎಂದು ಕೇಳುತ್ತಿದ್ದೆ. ಮೊದಮೊದಲು ನನ್ನ ಆಟಕ್ಕಾಗಿ ಕೇಳುತ್ತಿದ್ದೆ. ಯಾವಾಗ ಅವನಿಗಾಗಿ ಕೇಳತೊಡಗಿದೆನೋ ತಿಳಿಯದು. ಜೈಲಿಗೆ ಹಾಕಿದ್ದರೂ ದಂಡ ಹಾಕಿದ್ದರೂ ನಾನು ಅವನ ಬಗ್ಗೆ ಹಾಗೆ ಕೇಳುತ್ತಿರಲಿಲ್ಲ. ಇದು ಆ ರೆಫರಿಯಿಂದ ನನಗೆ ಬಂದದ್ದು.

ನಿವೃತ್ತರಾದ ಮೇಲೆ ಅವರು ಕನಕಪುರದಲ್ಲಿ ಮಗನ ಮನೆಯಲ್ಲಿದ್ದರು. ತೀರಿಕೊಂಡ ಸುದ್ದಿ ನನಗೆ ಮುಟ್ಟಿಸಿದವನು ಗುಡೇಮಾರನಹಳ್ಳಿಯವನೇ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಹೋಗಿಬರುವುದು ಬೆಳೆದಿತ್ತು. ಅವನು ರಾಮನಗರಕ್ಕೆ ಬಂದ. ಇಬ್ಬರೂ ಬಸ್ಸು ಹತ್ತಿ ಹೋದೆವು. ಬಸ್ ನಿಲ್ದಾಣದಿಂದ ಮನೆ ದೂರವಿತ್ತು. "ನೀ ಮುಂದೆ ಹೋಗಣ್ಣ, ನಾ ನಿಧಾನಕ್ಕೆ ಬತ್ತೀನಿ" ಎಂದ. ನಾನು ಅವನ ಜೊತೆಗೇ ನಡೆದೆ.

ನಾವು ತಲುಪುವಾಗ ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಮಗ ನಮ್ಮನ್ನು ಎಂದೂ ನೋಡಿದವರಲ್ಲ. "ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದರು.

ಗುಡೇಮಾರನಹಳ್ಳಿಯವನು ಹೇಳಿದ: "ನಿಮ್ಮಪ್ಪಾರು ಕಡೇ ಸಲ ಆಡ್ಸಿದ್ರಲ್ಲ ಸಾರ್, ಆ ಆಟದಾಗೆ ನಾವಿಬ್ರೂ ಇದ್ವಿ."

ಯಾವ ಯಾವ ತಂಡ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಕುಂಟುತ್ತಿದ್ದ ಅವನನ್ನು ನೋಡಿ ಅವರು ಒಳಗಿನಿಂದ ಕುರ್ಚಿ ತರಿಸಿದರು.